ಕರ್ತೃವಿಲ್ಲದ ಕ್ರಿಯೆ

ಕ್ರಿಯೆಯೊಂದಿದ್ದರೆ ಅದಕ್ಕೆ ಕರ್ತೃವೊಬ್ಬನು ಇರಲೇಬೇಕೆಂಬುದು ವ್ಯಾಕರಣದ ಮೊದಲ ಪಾಠಗಳಲ್ಲೊಂದು. ‘ರಾಮನು ಮರವನ್ನು ಕಡಿದನು’ ಎಂದಾಗ ಕಡಿದವನು ಯಾರೆಂಬ ಸಂದೇಹಕ್ಕೆ ಎಡೆಯಿಲ್ಲ. ಅದನ್ನೇ ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ‘ಮರವು ಕಡಿಯಲ್ಪಟ್ಟಿತು’ ಎಂದರೆ ಮರ ಉರುಳಿದುದು ಮಾತ್ರ ಕಾಣುತ್ತದೆ. ಕೊಡಲಿ ಹಿಡಿದವನು ಮರೆಗೆ ಸರಿಯುತ್ತಾನೆ. ಕನ್ನಡದ ಜಾಯಮಾನಕ್ಕೆ ಈ ಪ್ರಯೋಗ ಅಷ್ಟಾಗಿ ಒಗ್ಗದೆಂದು ಬಲ್ಲವರು ಹೇಳುತ್ತಾರೆ. ಆದರೂ ಕಛೇರಿಯ ಕಾಗದಪತ್ರಗಳಲ್ಲಿ ಅದು ಹೇರಳವಾಗಿ ಬಳಕೆಯಲ್ಲಿದೆ. ಅಲ್ಲಿ ಕರ್ತೃವನ್ನು ಮರೆಮಾಡುವ ಅವಶ್ಯಕತೆ ಹೆಚ್ಚು. ಮಾತಿನಲ್ಲಿ ನಡೆಯುವ ಈ ಮರೆಮಾಚುವಿಕೆ ಬಾಳಿನಲ್ಲಿಯೂ ನಡೆಯುವುದುಂಟೆ? ಸಾವಿರಾರು ಜನ ಕೂಡಿ ಮಾಡಿದ ಒಂದು ಘೋರಕಾರ್ಯದಲ್ಲಿ, ಮಾಡಿದವರು ಯಾರೆಂದು ಕೇಳಿದರೆ ಒಬ್ಬರೂ ಸಿಕ್ಕದಿರುವುದು ಸಾಧ್ಯವೆ? ಸಿಕ್ಕದಿದ್ದಲ್ಲಿ ಆ ಕಾರ್ಯದ ಹೊಣೆ ಎಲ್ಲಿ ಹೋಯಿತು?

ಇದನ್ನು ಬರಿಯ ತರ್ಕದಲ್ಲಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಲೇಸು. ಎರಡನೆಯ ಮಹಾಯುದ್ಧದ ಭಾರಿ ಬಾಂಬರ್ ದಳವೊಂದರ ದಿನಚರಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಅದಕ್ಕಾಗಿ ಇಂಗ್ಲೆಂಡಿಗೋ ಜರ್ಮನಿಗೋ ಹೋಗಬೇಕಾದುದಿಲ್ಲ. ಬೆಂಗಳೂರಿಗೆ ಮೂಡಲಲ್ಲಿ ಸುಮಾರು ನಲವತ್ತು ಮೈಲಿ ದೂರದ ಕೋಲಾರದಲ್ಲಿ, ಆಗಿನ ಮೈಸೂರು ಸಂಸ್ಥಾನದ ನೆಲದಲ್ಲಿ, ಬ್ರಿಟಿಷ್ ವಾಯುದಳದ ವಿಮಾನನೆಲೆಯೊಂದಿತ್ತು. ನಾಲ್ಕು ಎಂಜಿನ್ನುಗಳ ‘ಲಿಬರೇಟರ್’ ಬಾಂಬರನ್ನು ನಡೆಸುವ ವಿದ್ಯೆಯನ್ನು ಕಲಿಸುವ 1673ನೆಯ ತರಬೇತಿ ಘಟಕ ಅಲ್ಲಿ ಕೆಲಸಮಾಡುತ್ತಿತ್ತು. ಎರಡು ಎಂಜಿನ್ನುಗಳ ವೆಲಿಂಗ್ಟನ್ ವಿಮಾನಗಳನ್ನು ಹಾರಿಸುತ್ತಿದ್ದ 215ನೆಯ ದಳವು 1944ರಲ್ಲಿ ಲಿಬರೇಟರನ್ನು ಅಭ್ಯಾಸಮಾಡಿಕೊಂಡುದು ಆ ನೆಲೆಯಲ್ಲಿಯೇ. 1944ರ ನವೆಂಬರ್ 8ರಂದು ಆ ತರಬೇತಿ ಘಟಕದ ಜನರನ್ನೇ ಕೂಡಿಸಿ 358ನೆಯ ದಳವೆಂಬ ಹೊಸ ಭಾರಿ ಬಾಂಬರ್ ದಳವನ್ನು ಕೋಲಾರದಲ್ಲಿ ಕಟ್ಟಲಾಯಿತು. ಮುಂದಿನ ಜನವರಿಯಲ್ಲಿ ಅದು ಬಂಗಾಳದ ಮೇದಿನೀಪುರ ಜಿಲ್ಲೆಯ ಡಿಗ್ರಿ ಎಂಬ ನೆಲೆಗೆ ಹೋಗಿ ಯುದ್ಧಕಾರ್ಯಕ್ಕೆ ತೊಡಗಿತು.

ಲಿಬರೇಟರ್ ಎಂದರೆ ವಿಮೋಚಕ. ಅದರ ರೆಕ್ಕೆಗಳ ತುದಿಯಿಂದ ತುದಿಗೆ 110 ಅಡಿ. ನಾಲ್ಕು ಎಂಜಿನ್ನುಗಳಲ್ಲಿ ಒಂದೊಂದಕ್ಕೂ 1,200 ಕುದುರೆಯ ಬಲ. ಹೊಟ್ಟೆಯೊಳಗೆ ಎರಡು ಪಕ್ಕಗಳಲ್ಲಿ ಬಾಂಬುಗಳನ್ನು ತೂಗುಹಾಕಿ, ನಡುವೆ ಗೇಣಗಲದ ಹಾದಿಯೊಂದನ್ನು ಬಿಟ್ಟಿರುತ್ತಿದ್ದರು. ಬಾಂಬು ಬೀಳುವ ಬಾಗಿಲು ಅಂಗಡಿಯ ಸುರುಳಿಬಾಗಿಲಿನಂತೆ ಮೇಲಕ್ಕೆ ಸುತ್ತಿಕೊಳ್ಳುತ್ತಿತ್ತು. ಅಮೆರಿಕದಲ್ಲಿ ಇಂತಹವನ್ನು 18,000ಕ್ಕೂ ಮೇಲ್ಪಟ್ಟು ತಯಾರಿಸಿದರು. ಡೆಟ್ರಾಯಿಟ್ ನಗರದ ಬಳಿ ವಿಲ್ಲೋ ರನ್ನಿನ ಫೋರ್ಡ್ ಕಾರ್ಖಾನೆಯಿಂದ 1944ರ ಉಚ್ಛ್ರಾಯಕಾಲದಲ್ಲಿ ಘಂಟೆಗೊಂದರಂತೆ ಅವು ಹೊರಬರುತ್ತಿದ್ದುವು. ಕೊಲ್ಲುವ ಕೆಲಸಕ್ಕೆ ಇಷ್ಟೊಂದು ಶಿಸ್ತು, ಇಷ್ಟೊಂದು ಗಣಿತ, ಇಷ್ಟೊಂದು ಪ್ರಾಮಾಣಿಕ ಪರಿಶ್ರಮ ಎಂದೂ ಕೂಡಿರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಇಂತಹ ದಳದ ಒಂದು ದಿನ ಹೇಗೆ ಕಳೆಯುತ್ತಿತ್ತೆಂಬುದನ್ನು ನೋಡಬೇಕು. ಮೇಲಣ ಕಾರ್ಯಾಲಯದಿಂದ ಆಜ್ಞೆ ಬರುತ್ತದೆ: ಇಂತಹ ಗುರಿ, ಇಷ್ಟು ವಿಮಾನ, ಇಂತಹ ಹೊತ್ತು. ಗುರಿ ಬರ್ಮಾದ ರೈಲ್ವೆ ನಿಲ್ದಾಣವಿರಬಹುದು, ಸಯಾಮಿನ ಸೇತುವೆಯಿರಬಹುದು, ಹಡಗುಕಟ್ಟೆಯಿರಬಹುದು. ಕೂಡಲೆ ಲೆಕ್ಕ ಆರಂಭವಾಗುತ್ತದೆ. ದೂರ ಹೆಚ್ಚಾದಷ್ಟೂ ಪೆಟ್ರೋಲು ಹೆಚ್ಚು ಬೇಕು; ಪೆಟ್ರೋಲು ಹೆಚ್ಚಾದಷ್ಟೂ ಬಾಂಬು ಕಡಮೆಯಾಗಬೇಕು. ಹವಾಮಾನದ ಅಧಿಕಾರಿ ಮೋಡಗಳ ನಕ್ಷೆ ಬರೆಯುತ್ತಾನೆ. ಯಂತ್ರದ ಕೆಲಸಗಾರರು ಬಿಸಿಲಿಗೆ ಕಾದು ಮುಟ್ಟಲಾಗದಂತಿರುವ ಲೋಹದ ಮೇಲೆ ಏರಿ ಎಂಜಿನ್ನುಗಳನ್ನು ಪರೀಕ್ಷಿಸುತ್ತಾರೆ. ಶಸ್ತ್ರಾಗಾರದವರು ಬಾಂಬುಗಳನ್ನು ಬಂಡಿಯ ಮೇಲೆ ತಂದು, ಒಂದೊಂದಾಗಿ ಏರಿಸಿ, ಸಿಡಿಯುವ ಕೀಲನ್ನು ಜೋಡಿಸುತ್ತಾರೆ. ಒಬ್ಬನು ಪ್ಯಾರಾಚೂಟುಗಳನ್ನು ಮಡಿಸುತ್ತಾನೆ. ಒಬ್ಬನು ಡಬ್ಬಿಗಳಲ್ಲಿ ತಿಂಡಿ ತುಂಬಿಡುತ್ತಾನೆ. ಒಬ್ಬ ಗುಮಾಸ್ತೆ ಹೆಸರುಗಳ ಪಟ್ಟಿಯನ್ನು ಬೆರಳಚ್ಚು ಮಾಡುತ್ತಾನೆ. ಬಳಿಕ ಹಾರುವವರೆಲ್ಲ ಒಂದು ಕೊಠಡಿಯಲ್ಲಿ ಸೇರುತ್ತಾರೆ. ಗೋಡೆಯ ಭೂಪಟದಲ್ಲಿ ಹೋಗುವ ದಾರಿ, ಬರುವ ದಾರಿ, ಶತ್ರುಗಳ ಫಿರಂಗಿಗಳಿರುವ ಸ್ಥಳ, ವಿಮಾನ ಕೆಟ್ಟರೆ ಇಳಿಯಬಹುದಾದ ಬಯಲು, ಎಲ್ಲವನ್ನೂ ತೋರಿಸಲಾಗುತ್ತದೆ. ಆ ಭೂಪಟದಲ್ಲಿ ತೋರಿಸದಿರುವುದು ಒಂದೇ: ಗುರಿಯ ಸುತ್ತಮುತ್ತ ಮಲಗಿರುವ ಜನ.

ವಿಮಾನ ಮೇಲೇರಿದ ಮೇಲೆ ಎಂಟು ಹತ್ತು ಮಂದಿ, ಎಂಟು ಹತ್ತು ಕರ್ತವ್ಯ. ನಡೆಸುವವನಿಗೆ ಎತ್ತರ ಮತ್ತು ವೇಗದ ಚಿಂತೆ. ದಾರಿ ನೋಡುವವನಿಗೆ ನಕ್ಷತ್ರ ಮತ್ತು ಗಾಳಿಯ ಚಿಂತೆ. ತಂತಿಯವನಿಗೆ ಕಿವಿಯಲ್ಲಿನ ಸದ್ದಿನ ಚಿಂತೆ. ಬಂದೂಕಿನವರಿಗೆ ಕತ್ತಲೆಯಲ್ಲಿ ಚಲಿಸುವ ಕತ್ತಲೆಯ ಚಿಂತೆ. ಅಂತರವೂ ಸಾಮಾನ್ಯವಲ್ಲ. ಅದೇ ಡಿಗ್ರಿಯಲ್ಲಿದ್ದ 159ನೆಯ ದಳದ ವಿಮಾನಗಳು 1944ರ ಅಕ್ಟೋಬರಿನಲ್ಲಿ ಮಲಯದ ಪೆನಾಂಗ್ ಬಂದರಿನ ಬಾಯಲ್ಲಿ ಸಿಡಿಗುಂಡುಗಳನ್ನು ಬಿತ್ತಿ ಬಂದಾಗ ಹೋಗಿಬಂದ ದೂರ ಸುಮಾರು 3,000 ಮೈಲಿ. ಇಷ್ಟು ದೀರ್ಘವಾದ ಪ್ರಯಾಣದಲ್ಲಿ ಬಾಂಬು ಬಿಡುವ ಕೆಲಸಕ್ಕೆ ಹಿಡಿಯುತ್ತಿದ್ದ ಕಾಲ ಕೆಲವೇ ನಿಮಿಷ. ಆ ಕೆಲವು ನಿಮಿಷಗಳಲ್ಲಿಯೂ ಗುರಿ ಹಿಡಿಯುವವನ ಕಣ್ಣಿಗೆ ಕಾಣುತ್ತಿದ್ದುದು ಮನುಷ್ಯರಲ್ಲ. ಒಂದು ಗೆರೆ, ಒಂದು ಹೊಳೆಯ ತಿರುವು, ಒಂದಿಷ್ಟು ಹೊಗೆ.

ಹಿಂದಿರುಗಿದವರಿಗೆ ಬಿಸಿ ಚಹಾ ಸಿದ್ಧವಾಗಿರುತ್ತಿತ್ತು. ಅಧಿಕಾರಿಯೊಬ್ಬನು ಮೇಜಿನ ಮುಂದೆ ಕುಳಿತು ಒಬ್ಬೊಬ್ಬರನ್ನೂ ಪ್ರಶ್ನಿಸಿ ಬರೆದುಕೊಳ್ಳುತ್ತಿದ್ದನು. ಛಾಯಾಚಿತ್ರಗಳನ್ನು ತೊಳೆದು ನೋಡುತ್ತಿದ್ದರು. ದಳದ ಕಾರ್ಯಪುಸ್ತಕದಲ್ಲಿ ವಿಮಾನದ ಸಂಖ್ಯೆ, ಜನರ ಹೆಸರು, ಏರಿದ ಹೊತ್ತು, ಇಳಿದ ಹೊತ್ತು, ಕಂಡ ಪರಿಣಾಮ, ಇಷ್ಟು ದಾಖಲೆಯಾಗುತ್ತಿತ್ತು. ಹಿಂದಿರುಗದವರ ಹಾಸಿಗೆಗಳನ್ನು ಸುತ್ತಿ, ಅವರ ಪೆಟ್ಟಿಗೆಗಳಿಗೆ ಮುದ್ರೆಯೊತ್ತಿ, ಅವರ ಮನೆಗಳಿಗೆ ಕಾಗದ ಬರೆಯುವುದೂ ದಿನಚರಿಯ ಒಂದು ಭಾಗವೇ ಆಗಿತ್ತು. ಮರುದಿನ ಮತ್ತೆ ಆಜ್ಞೆ, ಮತ್ತೆ ಲೆಕ್ಕ.

ಈಗ ಕೇಳಬೇಕಾದ ಪ್ರಶ್ನೆ ಇದು. ಈ ದಿನದ ಯಾವ ಘಳಿಗೆಯಲ್ಲಿ, ಯಾವ ಮನುಷ್ಯನು, ಕೊಂದನು? ಎಂಜಿನ್ನು ನೋಡಿದವನು ತನ್ನ ಗೆಳೆಯರು ಕ್ಷೇಮವಾಗಿ ಮರಳಲೆಂದು ಶ್ರಮಿಸಿದನು. ಮೋಡಗಳನ್ನು ಲೆಕ್ಕಹಾಕಿದವನು ಪ್ರಕೃತಿಯ ಸತ್ಯವನ್ನು ನುಡಿದನು. ನಡೆಸಿದವನು ಗುರಿಯನ್ನು ಆರಿಸಲಿಲ್ಲ. ಆರಿಸಿದವನು ಗುಂಡಿಯನ್ನು ಒತ್ತಲಿಲ್ಲ. ಒತ್ತಿದವನು ಕೆಳಗಿದ್ದವರನ್ನು ನೋಡಲಿಲ್ಲ. ಪ್ರತಿಯೊಬ್ಬನ ಉತ್ತರವೂ ನಿಜ. ಅದರಲ್ಲಿ ಸುಳ್ಳಿನ ಲೇಶವಿಲ್ಲ. ಆದರೂ ಬೆಳಗಾಗುವ ವೇಳೆಗೆ ಎಲ್ಲಿಯೋ ಒಂದು ಊರಿನಲ್ಲಿ ಹೆಣಗಳಿದ್ದುವು. ನೂರು ನಿಜವಾದ ಉತ್ತರಗಳು ಕೂಡಿ ಒಂದು ದೊಡ್ಡ ಸುಳ್ಳಾಗುವುದೆಂದರೆ ಇದೇ.

ಇದಕ್ಕೆ ಲೋಕರೂಢಿಯ ಸಮಾಧಾನವೊಂದಿದೆ: ಹೊಣೆಯು ಸಾಲದಂತೆ, ಹತ್ತು ಮಂದಿ ಹೊತ್ತರೆ ಒಬ್ಬೊಬ್ಬರ ಪಾಲು ಹತ್ತನೆಯ ಒಂದಂಶ, ಸಾವಿರ ಮಂದಿ ಹೊತ್ತರೆ ಗಣನೆಗೆ ಬಾರದಷ್ಟು ಅಲ್ಪ. ಈ ಲೆಕ್ಕ ಸರಿಯಾದರೆ, ಪಾತಕವು ಹಿರಿದಾದಷ್ಟೂ ಪಾತಕಿಗಳು ನಿರ್ದೋಷಿಗಳಾಗುತ್ತ ಹೋಗುವರು. ಒಬ್ಬನನ್ನು ಕೊಂದ ಒಬ್ಬನು ಕೊಲೆಗಡುಕ. ಹತ್ತುಸಾವಿರ ಜನರನ್ನು ಕೊಂದ ಹತ್ತುಸಾವಿರ ಜನ ಸಾಧುಗಳು. ಇಂತಹ ಫಲಕ್ಕೆ ಒಯ್ಯುವ ಲೆಕ್ಕದಲ್ಲಿ ಎಲ್ಲಿಯೋ ತಪ್ಪಿರಲೇಬೇಕು.

ತಪ್ಪೆಲ್ಲಿದೆಯೆಂಬುದನ್ನು ಊರ ತೇರು ತೋರಿಸಿಕೊಡುತ್ತದೆ. ತೇರಿನ ಮಿಣಿಗೆ ಸಾವಿರ ಕೈಗಳು ಬೀಳುತ್ತವೆ. ತೇರು ನೆಲೆ ಮುಟ್ಟಿದ ಮೇಲೆ ಮನೆಗೆ ಹೋದವನು ‘ತೇರೆಳೆದು ಬಂದೆ’ ಎನ್ನುತ್ತಾನೆಯೇ ಹೊರತು ‘ತೇರಿನ ಸಾವಿರದಲ್ಲೊಂದಂಶವನ್ನು ಎಳೆದುಬಂದೆ’ ಎನ್ನುವುದಿಲ್ಲ. ಪುಣ್ಯವನ್ನು ಭಾಗಿಸಿಕೊಳ್ಳಲು ಯಾರೂ ಒಪ್ಪರು. ಪ್ರತಿಯೊಬ್ಬನಿಗೂ ಅದು ಇಡಿಯಾಗಿಯೇ ಸಲ್ಲಬೇಕು. ಆದರೆ ಗಾಲಿಯಡಿಗೆ ಯಾರಾದರೂ ಸಿಕ್ಕಿ ಅಪಘಾತವಾದರೆ, ಅದೇ ಸಾವಿರ ಕೈಗಳೂ ‘ನಾನು ಬರಿಯ ಮಿಣಿಯನ್ನು ಮುಟ್ಟಿದ್ದೆ’ ಎನ್ನುತ್ತವೆ. ಪುಣ್ಯಕ್ಕೆ ಒಂದು ಗಣಿತ, ಪಾಪಕ್ಕೆ ಒಂದು ಗಣಿತವೆಂಬುದು ನ್ಯಾಯವಲ್ಲ. ಯುದ್ಧದಲ್ಲಿ ಗೆದ್ದ ದಳಕ್ಕೆ ಪದಕ ಬಂದಾಗ ಅಡಿಗೆಯವನೂ ಹಿಗ್ಗುವುದು ಸಹಜ, ಯುಕ್ತವೂ ಹೌದು. ಹಿಗ್ಗಿನಲ್ಲಿ ಪಾಲು ಇಡಿಯಾದರೆ ದುಃಖದಲ್ಲಿಯೂ ಪಾಲು ಇಡಿಯಾಗಿಯೇ ಇರಬೇಕು.

ಹಾಗಾದರೆ ಎಲ್ಲರೂ ಸಮನಾಗಿ ಅಪರಾಧಿಗಳೆ? ಅದೂ ಸಲ್ಲದು. ತೇರಿನ ಮಿಣಿ ಹಿಡಿದವನಿಗೆ ಗಾಲಿ ಕಾಣದು. ಗಾಲಿಗೆ ತಡೆಮರ ಕೊಡುತ್ತ ಪಕ್ಕದಲ್ಲಿ ನಡೆಯುವವನಿಗೆ ಕಾಣುತ್ತದೆ. ಅವನು ತೇರನ್ನು ತಿರುಗಿಸಲೂ ಬಲ್ಲ, ನಿಲ್ಲಿಸಲೂ ಬಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮುನ್ನ ಎರಡು ಪಕ್ಷದವರೂ ಮಾಡಿಕೊಂಡ ಒಪ್ಪಂದದಲ್ಲಿ ಸಾರಥಿಗಳನ್ನೂ, ಆಯುಧಗಳನ್ನು ಹೊತ್ತು ತರುವವರನ್ನೂ, ಭೇರಿ ಶಂಖಗಳನ್ನು ನುಡಿಸುವವರನ್ನೂ ಹೊಡೆಯಕೂಡದೆಂಬ ನಿಯಮವಿದೆ. ಕದನದಲ್ಲಿ ನೆರವಾಗುವವನೂ ಕದನವಾಡುವವನೂ ಒಂದೇ ಅಲ್ಲವೆಂಬ ವಿವೇಕ ಅದರಲ್ಲಿದೆ. ಹೊಣೆಯನ್ನು ಅಳೆಯಲು ಎರಡು ಅಳತೆಗಳಿವೆಯೆಂದು ಹೇಳಬಹುದು: ಇವನಿಗೆ ಏನು ತಿಳಿದಿತ್ತು, ಅಥವಾ ತಿಳಿಯಬಹುದಾಗಿತ್ತು? ಇವನು ಏನನ್ನು ನಿರಾಕರಿಸಬಹುದಾಗಿತ್ತು? ಇವೆರಡರಿಂದ ಹೊಣೆಯ ಬಗೆ ಬೇರೆಬೇರೆಯಾಗುತ್ತದೆ. ಆದರೆ ಯಾರ ಪಾಲಿಗೂ ಅದು ಸೊನ್ನೆಯಾಗುವುದಿಲ್ಲ.

ನಿರಾಕರಿಸುವುದು ಸುಲಭವಾಗಿತ್ತೆಂದು ಯಾರೂ ಭಾವಿಸಬಾರದು. ಬ್ರಿಟಿಷ್ ವಾಯುದಳದಲ್ಲಿ ಇನ್ನು ಹಾರಲಾರೆನೆಂದವರನ್ನು ‘ನೈತಿಕ ಕಸುವಿಲ್ಲದವರು’ ಎಂಬ ಹಣೆಪಟ್ಟಿ ಹಚ್ಚಿ ಹೊರಗಿಡುವ ಪದ್ಧತಿಯಿತ್ತು. ಅವರಲ್ಲಿ ಬಹುಮಂದಿ ಧರ್ಮಸಂದೇಹದಿಂದಲ್ಲ, ದಣಿವಿನಿಂದ, ಭೀತಿಯಿಂದ ಕುಸಿದವರು. ಆದರೂ ಆ ಹೆಸರಿನ ವೈಚಿತ್ರ್ಯವನ್ನು ಗಮನಿಸಬೇಕು. ಮುಂದುವರಿಯುವುದೊಂದೇ ನೀತಿಯೆಂದು ನಿಶ್ಚಯವಾದಲ್ಲಿ ನಿಲ್ಲುವುದಕ್ಕೆ ಬೇಕಾದ ನೀತಿಗೆ ಹೆಸರೇ ಉಳಿಯುವುದಿಲ್ಲ.

ಶತ್ರುವಿನ ಕ್ರೌರ್ಯವನ್ನು ನೆನೆದಾದರೂ ಈ ಚರ್ಚೆಯನ್ನು ಬಿಡಬೇಕಲ್ಲವೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಉಚಿತವಾದುದೇ. ಬರ್ಮಾ-ಸಯಾಂ ರೈಲ್ವೆಯನ್ನು ಕಟ್ಟುವಾಗ ಜಪಾನಿನ ಸೇನೆಯ ಕೈಯಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಮಡಿದರು. ಮಲಯ, ಬರ್ಮಾ, ಜಾವಾಗಳಿಂದ ಒಯ್ದ ಕೂಲಿಗಳು, ಅವರಲ್ಲಿ ರಬ್ಬರು ತೋಟಗಳ ಅನೇಕ ತಮಿಳರು, ಅದಕ್ಕೆ ಎಷ್ಟೋ ಪಾಲು ಹೆಚ್ಚಾಗಿ ಸತ್ತರು. ಆ ರೈಲ್ವೆಯನ್ನು ಮುರಿಯುವುದು ಅವಶ್ಯಕವಾದ ಕೆಲಸವೆಂದು ಒಪ್ಪಲೇಬೇಕು. ಈ ಕಡೆಯ ಲಿಬರೇಟರುಗಳ ಗುರಿ ಬಹುಮಟ್ಟಿಗೆ ಸೇತುವೆ, ರೈಲು, ಬಂದರುಗಳು. ಜರ್ಮನಿಯಲ್ಲಿ ನಡೆದಂತೆ ಇಡಿಯ ಪಟ್ಟಣಗಳನ್ನು ಸುಡುವುದಲ್ಲ ಎಂಬುದನ್ನೂ ಹೇಳಬೇಕು. ಆದರೆ ರೈಲ್ವೆಯ ಬದಿಯಲ್ಲಿಯೇ ಕೈದಿಗಳ ಶಿಬಿರಗಳಿದ್ದುವು. 1944ರ ಸೆಪ್ಟೆಂಬರಿನಲ್ಲಿ ನಾಂಗ್ ಪ್ಲಾಡುಕ್ ಎಂಬಲ್ಲಿ, ನವೆಂಬರಿನಲ್ಲಿ ಟಾಮರ್ಕಾನ್ ಎಂಬಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಆ ಶಿಬಿರಗಳ ಮೇಲೆ ಬಿದ್ದು ಅನೇಕ ಕೈದಿಗಳು ಸತ್ತರು. ವಿಮೋಚಕನೆಂಬ ಹೆಸರಿನ ಯಂತ್ರಗಳ ಕಾರ್ಯದಲ್ಲಿ, ವಿಮೋಚನೆಗಾಗಿ ಕಾದಿದ್ದವರೇ ಬಲಿಯಾದರು. ಧ್ಯೇಯ ನ್ಯಾಯವಾದುದೆಂಬ ಮಾತು ಕೆಳಗಿದ್ದವರು ಯಾರೆಂಬ ಪ್ರಶ್ನೆಯನ್ನು ಅಳಿಸಲಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ನೆಲೆಗಳಿದ್ದ ನೆಲದ ಕಥೆಯನ್ನೂ ಮರೆಯುವಂತಿಲ್ಲ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿಯ ಯಾವ ಪ್ರತಿನಿಧಿಯನ್ನೂ ಕೇಳದೆ ಭಾರತವು ಯುದ್ಧದಲ್ಲಿದೆಯೆಂದು ಸಾರಿದರು. ಮೇದಿನೀಪುರದ ಮೇಲೆ 1942ರ ಅಕ್ಟೋಬರಿನಲ್ಲಿ ಚಂಡಮಾರುತ ಎರಗಿತು. ಅದಕ್ಕೆ ಮುಂಚೆಯೇ ಶತ್ರುವಿನ ಕೈಗೆ ಸಿಕ್ಕಬಾರದೆಂದು ಬಂಗಾಳದ ಕರಾವಳಿಯಲ್ಲಿ ಅಕ್ಕಿಯನ್ನೂ ದೋಣಿಗಳನ್ನೂ ಸರಕಾರ ತೆಗೆದಿರಿಸಿತ್ತು. 1943ರ ಕ್ಷಾಮದಲ್ಲಿ ಇಪ್ಪತ್ತು ಮೂವತ್ತು ಲಕ್ಷ ಜನ ಸತ್ತರೆಂದು ಅಂದಾಜು. ವಿಮಾನಕ್ಕೆ ಸಾವಿರಾರು ಗ್ಯಾಲನ್ ಪೆಟ್ರೋಲು ತಪ್ಪದೆ ಬರುತ್ತಿದ್ದ ಜಿಲ್ಲೆಗೆ ಅನ್ನ ಬರಲಿಲ್ಲ. ‘ಇವರು ಸಾಯಲಿ’ ಎಂದು ಯಾವ ಕಾಗದದಲ್ಲಿಯೂ ಯಾರೂ ಬರೆದಿರಲಿಕ್ಕಿಲ್ಲ. ಒಬ್ಬನು ದೋಣಿಯ ಪಟ್ಟಿ ಮಾಡಿದನು, ಒಬ್ಬನು ಬೆಲೆಯನ್ನು ನೋಡುತ್ತ ಸುಮ್ಮನಿದ್ದನು, ಒಬ್ಬನು ಹಡಗನ್ನು ಬೇರೆ ಕಡೆಗೆ ಕಳುಹಿಸಿದನು. ಕರ್ತೃವಿಲ್ಲದ ಕ್ರಿಯೆಗೆ ಆಕಾಶವೇ ಬೇಕಾಗಿಲ್ಲ. ಕಛೇರಿಯ ಮೇಜೂ ಸಾಕು.

‘ಕರ್ಮಣ್ಯೇವಾಧಿಕಾರ’ವೆಂಬ ಉಪದೇಶವನ್ನು ಇಲ್ಲಿ ಎದುರಿಗೆ ತರುವವರುಂಟು. ತನ್ನ ಕರ್ತವ್ಯವನ್ನು ಮಾಡಿ ಫಲವನ್ನು ಬಿಟ್ಟುಬಿಡಬೇಕೆಂಬುದೇ ಗೀತೆಯ ಸಾರವಾದರೆ, ಬಾಂಬಿನ ಕೀಲು ಜೋಡಿಸಿದವನು ನಿಷ್ಕಾಮಕರ್ಮಿಯೇ ಆಗಲಿಲ್ಲವೆ? ಹೀಗೆ ಕೇಳುವವರು ಗೀತೆಯ ಮೊದಲ ಅಧ್ಯಾಯವನ್ನು ಮರೆತಿರುತ್ತಾರೆ. ಅರ್ಜುನನು ಮೊದಲು ಕೇಳಿದುದು ಉಪದೇಶವನ್ನಲ್ಲ. ತನ್ನ ರಥವನ್ನು ಎರಡು ಸೇನೆಗಳ ನಡುವೆ ನಿಲ್ಲಿಸಬೇಕೆಂದು ಕೇಳಿದನು, ಯಾರೊಡನೆ ಹೋರಾಡಬೇಕೆಂಬುದನ್ನು ಕಣ್ಣಾರೆ ನೋಡುವುದಕ್ಕಾಗಿ. ನೋಡಿದನು, ಕೈ ನಡುಗಿತು, ಬಿಲ್ಲು ಜಾರಿತು. ಅಷ್ಟಾದ ಮೇಲೆ ಬಂದ ಉಪದೇಶ ಅದು. ಫಲದ ಆಸೆಯನ್ನು ಬಿಡುವುದು ಬೇರೆ, ಫಲವನ್ನು ಅರಿಯದಿರುವುದು ಬೇರೆ. ಅರಿತು ಬಿಟ್ಟವನು ಯೋಗಿ. ಅರಿಯದೆ ಇರುವುದಕ್ಕೆ ಏರ್ಪಾಡು ಮಾಡಿಕೊಂಡವನನ್ನು ಹಾಗೆ ಕರೆಯಲಾಗದು.

ಅದೇ ಮಹಾಭಾರತದ ಸೌಪ್ತಿಕಪರ್ವ ಈ ಪ್ರಶ್ನೆಯನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಮಲಗಿರುವವರನ್ನು ಕೊಲ್ಲಬೇಕೆಂದು ಹೊರಟ ಅಶ್ವತ್ಥಾಮನಿಗೆ ಕೃಪನು ಅದು ಅಧರ್ಮವೆಂದು ತಿಳಿಯಹೇಳಿದನು. ಮಾತು ನಡೆಯಲಿಲ್ಲ. ಆ ಬಳಿಕ ಕೃಪನು ಹಿಂದಿರುಗಲಿಲ್ಲ. ಕೃತವರ್ಮನೊಡನೆ ಶಿಬಿರದ ಬಾಗಿಲಲ್ಲಿ ನಿಂತು, ಒಳಗಿನಿಂದ ಓಡಿಬಂದವರನ್ನು ಕೊಂದನು. ಶಾಪ ತಗುಲಿದುದು ಅಶ್ವತ್ಥಾಮನೊಬ್ಬನಿಗೆ. ಕೃಪನು ಮುಂದೆ ಪರೀಕ್ಷಿತನಿಗೆ ಗುರುವಾಗಿ ಗೌರವದಿಂದ ಬಾಳಿದನು. ವ್ಯಾಸರು ಅವನನ್ನು ದೂಷಿಸಲಿಲ್ಲ. ಅವನು ಬಾಗಿಲಲ್ಲಿ ನಿಂತುದನ್ನು ಅಳಿಸಲೂ ಇಲ್ಲ. ಬಾಯಲ್ಲಿ ಬೇಡವೆಂದು ಕೈಯಲ್ಲಿ ನೆರವಾಗುವ ಕೃಪರು ಎಲ್ಲ ಯುದ್ಧಗಳಲ್ಲಿಯೂ ಅಶ್ವತ್ಥಾಮರಿಗಿಂತ ಹೆಚ್ಚು. ಅವರಿಲ್ಲದೆ ಅಶ್ವತ್ಥಾಮನಿಗೆ ಆ ರಾತ್ರಿಯ ಕೆಲಸ ಪೂರೈಸುತ್ತಿರಲಿಲ್ಲ.

ಕೋಲಾರದಲ್ಲಿ ಹುಟ್ಟಿದ ದಳದ ಮುಂದಿನ ಚರಿತ್ರೆಯಲ್ಲಿ ಒಂದು ವಿಶೇಷವಿದೆ. ಭಾರಿ ಬಾಂಬರ್ ದಳವಾಗಿ ಅದು ಬಾಂಬು ಹಾಕಿದುದು ಒಂದೇ ಬಾರಿ, 1945ರ ಜನವರಿ 13ರಂದು. ಆಮೇಲೆ ಅದನ್ನು ಬೇರೆ ಕೆಲಸಕ್ಕೆ ತಿರುಗಿಸಿದರು: ಜಪಾನೀಯರ ವಶದಲ್ಲಿದ್ದ ನಾಡುಗಳಲ್ಲಿ ಗುಪ್ತವಾಗಿ ಹೋರಾಡುತ್ತಿದ್ದವರಿಗೆ ಜನವನ್ನೂ ಸಾಮಗ್ರಿಯನ್ನೂ ಇಳಿಸುವ ಕೆಲಸ. ಯುದ್ಧ ಮುಗಿದಾಗ ಕೈದಿಗಳ ಶಿಬಿರಗಳಿಗೆ ನೆರವು ಮುಟ್ಟಿಸುವುದೂ ಅದರ ಪಾಲಿಗೆ ಬಂದಿತು. 1945ರ ನವೆಂಬರಿನಲ್ಲಿ ದಳವನ್ನು ವಿಸರ್ಜಿಸಿದರು. ವಿಮಾನ ಅದೇ, ಜನ ಅವರೇ, ಲೆಕ್ಕ ಅದೇ, ಸುರುಳಿಬಾಗಿಲು ಅದೇ. ಒಂದು ದಿನ ಸಾವು ಬಿದ್ದ ದ್ವಾರದಿಂದ ಇನ್ನೊಂದು ದಿನ ಅನ್ನವೂ ಔಷಧವೂ ಬಿದ್ದುವು. ದಿನಚರಿಗೆ ಇದರ ಭೇದವೇ ತಿಳಿಯಲಿಲ್ಲ. ಚೆನ್ನಾಗಿ ಕೆಲಸಮಾಡುವುದು ಒಂದು ಸದ್ಗುಣವೇ ಹೌದು. ಆದರೆ ಅದು ಕುರುಡು ಸದ್ಗುಣ. ಅದಕ್ಕೆ ಕಣ್ಣು ಹೊರಗಿನಿಂದ ಬರಬೇಕು.

ಆ ಕಣ್ಣು ಯಾರದಾಗಬೇಕು? 1944ರ ಫೆಬ್ರವರಿ 9ರಂದು, ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿ ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಎದ್ದು ನಿಂತು, ಸೈನ್ಯದ ಗುರಿಗಳನ್ನು ಹೊಡೆಯುವುದು ಸರಿ, ಆದರೆ ಇಡಿಯ ನಗರಗಳನ್ನೇ ಅಳಿಸುವುದು ಯಾವ ನ್ಯಾಯವೆಂದು ಸರಕಾರವನ್ನು ಕೇಳಿದರು. ಅವರ ಬಂಧುಬಾಂಧವರ ಮಕ್ಕಳೇ ವಿಮಾನಗಳಲ್ಲಿದ್ದ ಕಾಲ ಅದು. ಆ ಮಾತಿಗೆ ಮೆಚ್ಚಿಕೆ ದೊರೆಯಲಿಲ್ಲ. ಆದರೆ ಅವರು ಮಾಡಿದುದು ಬಹಳ ಸರಳವಾದ ಕೆಲಸ. ಹಾರುವವರನ್ನು ದೂಷಿಸದೆ, ಗುರಿಯನ್ನು ಆರಿಸುವವರನ್ನು ಹುಡುಕಿ ಹೋಗಿ, ‘ಮಾಡುತ್ತಿರುವವರು ನೀವು’ ಎಂದರು. ಕರ್ಮಣಿಯನ್ನು ಕರ್ತರಿಗೆ ತಿರುಗಿಸಿದರು.

ಬೆಂಗಳೂರಿನ ಪಡುವಣ ಭಾಗದವರಿಗೆ ಇಂತಹ ಇನ್ನೊಬ್ಬರ ಹೆಸರು ನಿತ್ಯವೂ ಬಾಯಲ್ಲಿರುತ್ತದೆ. ರಾಜಾಜಿನಗರಕ್ಕೆ 1949ರಲ್ಲಿ ತಮ್ಮ ಹೆಸರನ್ನು ಕೊಟ್ಟ ಚಕ್ರವರ್ತಿ ರಾಜಗೋಪಾಲಾಚಾರ್ಯರು, 1962ರಲ್ಲಿ ಎಂಬತ್ತಮೂರು ವರ್ಷದ ವೃದ್ಧಾಪ್ಯದಲ್ಲಿ ಅಮೆರಿಕಕ್ಕೆ ಪ್ರಯಾಣಮಾಡಿ, ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನೆಡಿಯವರನ್ನು ಕಂಡು ಕೇಳಿಕೊಂಡರು. ಅವರಿಗೆ ಆಗ ಅಧಿಕಾರವಿರಲಿಲ್ಲ. ಪ್ರಶ್ನೆ ಕೇಳುವ ಹಕ್ಕೊಂದಿತ್ತು.

ಆ ಹೆಸರಿನ ಬಡಾವಣೆ ಕೈಗಾರಿಕೆಗಳ ಬಡಾವಣೆಯೂ ಆಯಿತು. ಬೆಂಗಳೂರು ವಿಮಾನದ ಊರೂ ಆಯಿತು. ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿಮಾಡಿತು. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಸುಮಾರು ನಲವತ್ತು ಲಿಬರೇಟರುಗಳನ್ನು ಅಲ್ಲಿಯ ಕೆಲಸಗಾರರು ಹಾರುವಂತೆ ಮಾಡಿ ಬೆಂಗಳೂರಿಗೆ ತಂದು ಸಜ್ಜುಗೊಳಿಸಿದರು. 1948ರಲ್ಲಿ ಭಾರತದ ವಾಯುದಳದ 5ನೆಯ ಸ್ಕ್ವಾಡ್ರನ್ ಅವುಗಳಿಂದಲೇ ಆರಂಭವಾಯಿತು. 1968ರವರೆಗೆ ಅವು ಸೇವೆಯಲ್ಲಿದ್ದು, ಬಹುಕಾಲ ಕಡಲನ್ನು ಕಾದುವು. ಕೆಲವು ಇಂದು ಬ್ರಿಟನ್, ಕೆನಡಾ, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಎಸೆದ ಯಂತ್ರಕ್ಕೆ ಜೀವ ತುಂಬಿದ ಆ ಕೈಗಳ ಕೌಶಲ ಹೆಮ್ಮೆಪಡತಕ್ಕದ್ದೇ. ಹೆಮ್ಮೆಯಲ್ಲಿ ಪಾಲು ಬಯಸುವ ಊರು ಪ್ರಶ್ನೆಯಲ್ಲಿಯೂ ಪಾಲು ಹಿಡಿಯಬೇಕು.

ಏಕೆ, ಇಂದು ರಾಜಾಜಿನಗರದ ಅಥವಾ ಪೀಣ್ಯದ ಸಣ್ಣ ಯಂತ್ರಶಾಲೆಯಲ್ಲಿ ಲೇತ್ ಮುಂದೆ ನಿಂತವನಿಗೆ ಒಂದು ನಕ್ಷೆ ಬರುತ್ತದೆ. ಅದರಲ್ಲಿ ಅಳತೆಯಿರುತ್ತದೆ, ಒಂದು ಸಂಖ್ಯೆಯಿರುತ್ತದೆ. ಆ ತುಣುಕು ನೀರೆತ್ತುವ ಪಂಪಿಗೋ, ಗಡಿ ಕಾಯುವ ಯಂತ್ರಕ್ಕೋ, ಎಲ್ಲಿಯೋ ಯಾವುದೋ ಊರನ್ನು ಸುಡುವ ಆಯುಧಕ್ಕೋ ಎಂಬುದನ್ನು ಸಂಖ್ಯೆ ಹೇಳದು. ಕಂಪ್ಯೂಟರ್ ಮುಂದೆ ಕುಳಿತ ಅವನ ಮಗಳ ಸ್ಥಿತಿಯೂ ಅದೇ. ಸಂಸಾರ ನಡೆಯಬೇಕಾದವನಿಗೆ ಕೆಲಸ ಬಿಡೆಂದು ಹೇಳುವುದು ಸುಲಭ; ಹಾಗೆ ಹೇಳುವವನು ಅವನ ಮನೆಯ ಅಕ್ಕಿಗೆ ಹೊಣೆಯಾಗುವುದಿಲ್ಲ. ದೇಶವನ್ನು ಕಾಯುವುದು ಕರ್ತವ್ಯವೆಂಬುದರಲ್ಲಿಯೂ ಸಂದೇಹವಿಲ್ಲ. ಅವನಿಂದ ಕೇಳಬಹುದಾದುದು ಇಷ್ಟು: ಇದು ಯಾವುದಕ್ಕೆಂದು ಒಮ್ಮೆಯಾದರೂ ವಿಚಾರಿಸಲಿ. ಹತ್ತು ಮಂದಿ ವಿಚಾರಿಸಿದರೆ ಉತ್ತರ ಕೊಡಬೇಕಾದ ಹನ್ನೊಂದನೆಯವನೊಬ್ಬನು ಹುಟ್ಟುತ್ತಾನೆ. ತೆರಿಗೆ ಕೊಟ್ಟು, ಮತ ಹಾಕಿ, ಪತ್ರಿಕೆಯಲ್ಲಿ ವಿಜಯವಾರ್ತೆಯನ್ನು ಓದಿ ಸಂತೋಷಪಡುವ ಗೃಹಸ್ಥನಿಗಾದರೋ ಈ ವಿನಾಯಿತಿಯೂ ಇಲ್ಲ. ಕೇಳಿದರೆ ಅವನ ಅನ್ನಕ್ಕೆ ಕುಂದು ಬರುವುದಿಲ್ಲ.

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅಶೋಕನು ಕಳಿಂಗವನ್ನು ಗೆದ್ದಾಗ ಅವನೂ ತನ್ನ ಕೈಯಿಂದಲೇ ಎಲ್ಲರನ್ನೂ ಕೊಂದಿರಲಿಲ್ಲ. ಅವನಿಗೂ ಸೇನಾಪತಿಗಳಿದ್ದರು, ಕಮ್ಮಾರರಿದ್ದರು, ಲೆಕ್ಕ ಬರೆಯುವವರಿದ್ದರು. ಆದರೂ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಅವನು ಹೊಣೆಯನ್ನು ಅವರ ನಡುವೆ ಹಂಚಲಿಲ್ಲ. ದೇವಾನಾಂಪ್ರಿಯನು ಕಳಿಂಗವನ್ನು ಜಯಿಸಿದನೆಂದು ಕರ್ತೃಪದವನ್ನು ಮೊದಲು ಇಟ್ಟು, ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಹೋದರು, ಅದಕ್ಕೆ ಎಷ್ಟೋ ಪಾಲು ಜನ ಸತ್ತರು ಎಂದು ಸಂಖ್ಯೆಗಳನ್ನು ಕಲ್ಲಿನಲ್ಲಿ ಕೊರೆಯಿಸಿ, ಅದರಿಂದ ತನಗಾದ ವ್ಯಥೆಯನ್ನು ಹೇಳಿಕೊಂಡನು. ಸತ್ತವರು ಅದರಿಂದ ಮರಳಿ ಬರಲಿಲ್ಲ. ಆದರೆ ಮಾಡಿದವನ ಹೆಸರಿರುವ ಆ ವಾಕ್ಯದಿಂದ, ಇನ್ನು ಮುಂದೆ ಹಾಗೆ ಮಾಡಬಾರದೆಂಬ ಎರಡನೆಯ ವಾಕ್ಯ ಹುಟ್ಟಲು ಎಡೆಯಾಯಿತು.